ಮಲಗಿದ ಎಂಟು

ತರಕಾರಿ ಚೀಲ ಇನ್ನೂ ಅಡುಗೆಮನೆ ಕಟ್ಟೆಯ ಮೇಲೇ ಇದೆ, ಕೊತ್ತಂಬರಿ ಬಾಡುತ್ತಿದೆ. ಸಿಟ್ಟು ಇಳಿಯುವ ಮೊದಲು ಇದನ್ನು ಬರೆದು ಮುಗಿಸಬೇಕು.

ಬೆಳಿಗ್ಗೆ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ರದ್ದಿ ಅಂಗಡಿ ದಾಟುವಾಗ ತಕ್ಕಡಿಯ ಪಕ್ಕ ಒಂದು ಕಟ್ಟು ಕಂಡಿತು. ಸಣಬಿನ ಹುರಿ ಬಿಗಿದ ದಪ್ಪ ದಪ್ಪ ಪುಸ್ತಕಗಳು. ಬೆನ್ನಿನ ಮೇಲೆ ಅಂಕಿಗಳು: 38, 39, 40, 41. ನನಗೆ ಆ ಅಂಕಿ ನೋಡಿದರೆ ಸಾಕು, ಹೆಸರು ಓದಬೇಕಾಗಿಲ್ಲ. 'ಚೆಸ್ ಇನ್ಫಾರ್ಮೆಂಟ್', ಜಗತ್ತಿನ ಚದುರಂಗದ ಆಟಗಳ ಸಂಪುಟಗಳು. ಅದರಡಿ ಇನ್ನೊಂದು ಕಟ್ಟಿನಲ್ಲಿ ಚೆನ್ನೈಯಿಂದ ಮ್ಯಾನ್ಯುಯೆಲ್ ಆರನ್ ಸಂಪಾದಿಸುತ್ತಿದ್ದ 'ಚೆಸ್ ಮೇಟ್' ಮಾಸಿಕಗಳು. ಒಂದನ್ನು ಎಳೆದು ಮೊದಲ ಪುಟ ತೆರೆದೆ. ಮೂಲೆಯಲ್ಲಿ ನೀಲಿ ಶಾಯಿಯ ಸಹಿ. ನಮ್ಮ ಮಾಸ್ತರರದು.

"ಕಾಕಾ, ಸಬ್ ಏಕ್ ಹೀ ಭಾವ್," ಅಂದ ಅಂಗಡಿಯವನು. ಅವನದೇನೂ ತಪ್ಪಿಲ್ಲ. ಅವನ ಪಾಲಿಗೆ ಪೇಪರ್ ಅಂದರೆ ಪೇಪರ್. ಅವನು ಹೇಳಿದಷ್ಟು ಕೊಟ್ಟು ಎರಡೂ ಕಟ್ಟನ್ನು ಹೊತ್ತುಕೊಂಡು ಬಂದೆ.

ಮಾಸ್ತರರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ, ಈ ಫೇಸ್‌ಬುಕ್ ಗೋಡೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಹದಿಮೂರು ವರ್ಷಕ್ಕೆ ಕುಂದಾಪುರ ಬಿಟ್ಟು ಬಂದು ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ನನ್ನಂಥವರಿಗೆ ಕನ್ನಡ ರಾತ್ರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಹಗಲು ಗುಮಾಸ್ತಿಕೆ, ರಾತ್ರಿ ಮಾಸ್ತರಿಕೆ. ಪಾಠ ಮುಗಿದ ಮೇಲೆ ಚೀಲದಿಂದ ಚದುರಂಗದ ಹಾಸು ತೆಗೆಯುವವರು. ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆ ಸಂಚಿಕೆ ಹುಡುಕಿ, ಸಂಬಳದಲ್ಲಿ ಉಳಿಸಿ, ಒಂದೊಂದಾಗಿ ಕೂಡಿಸಿದ ಗಂಟು ಅದು. ತೀರಿಕೊಳ್ಳುವ ಮೊದಲು ಎಲ್ಲವನ್ನೂ ಒಂದು ಗ್ರಂಥಾಲಯಕ್ಕೆ ಕೊಟ್ಟಿದ್ದರು. ಕಪಾಟಿಗೆ ಜೋಡಿಸುವಾಗ ನಾನೂ ಹೋಗಿದ್ದೆ.

ಅಲ್ಲಿಗೆ ಫೋನ್ ಮಾಡಿದೆ. ಹೆಸರು ಬರೆಯುವುದಿಲ್ಲ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. "ಜಾಗ ಇಲ್ಲ ಸಾರ್. ಯಾರೂ ತೆಗೆದು ನೋಡುವುದೂ ಇಲ್ಲ. ಈಗ ಎಲ್ಲ ನೆಟ್ಟಲ್ಲೇ ಸಿಗುತ್ತದಲ್ಲ."

ಎಲ್ಲ ನೆಟ್ಟಲ್ಲೇ ಸಿಗುತ್ತದಲ್ಲ. ಬೆಳಿಗ್ಗೆಯಿಂದ ಈ ಮಾತು ಎದೆಗೆ ಚುಚ್ಚಿಕೊಂಡಿದೆ.

ಏನು ಸಿಗುತ್ತದೆ? ನಡೆಗಳು ಸಿಗುತ್ತವೆ, ಒಪ್ಪಿದೆ. ಆ ಪುಸ್ತಕಗಳಲ್ಲಿದ್ದ ಆಟಗಳೆಲ್ಲ ಇವತ್ತು ಫೋನಿನೊಳಗೆ ಕೂರುತ್ತವೆ. ಆದರೆ ಇನ್ಫಾರ್ಮೆಂಟ್ ಏನಾಗಿತ್ತು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. 1966ರಲ್ಲಿ ಯುಗೊಸ್ಲಾವಿಯಾದ ಬೆಲ್‌ಗ್ರೇಡಿನಲ್ಲಿ ಅಲೆಕ್ಸಾಂಡರ್ ಮತನೋವಿಚ್ ಮತ್ತು ಜೊತೆಗಾರರು ಶುರುಮಾಡಿದ್ದು. ಆಗೆಲ್ಲ ಆರು ತಿಂಗಳಿಗೊಮ್ಮೆ ಒಂದು ಸಂಪುಟ. ಜಗತ್ತಿನ ಒಳ್ಳೆಯ ಆಟಗಳನ್ನು ಆರಿಸಿ, ಅನೇಕ ಸಲ ಆಡಿದವರ ಕೈಯಲ್ಲೇ ಟಿಪ್ಪಣಿ ಬರೆಸಿ ಅಚ್ಚು ಹಾಕುತ್ತಿದ್ದರು. ದೊಡ್ಡ ಸಂಗತಿ ಅದಲ್ಲ. ಅದರ ಆಟಗಳಲ್ಲಿ ಭಾಷೆಯೇ ಇರಲಿಲ್ಲ. ಕುದುರೆಗೆ ಕುದುರೆಯ ಚಿತ್ರ, ಆನೆಗೆ ಕೋಟೆಯ ಚಿತ್ರ. ಬಿಳಿಯವರದು ಮೇಲುಗೈ ಅನ್ನುವುದಕ್ಕೆ ಒಂದು ಚಿಹ್ನೆ, ಇದೊಂದೇ ದಾರಿ ಅನ್ನುವುದಕ್ಕೆ ಒಂದು ಚೌಕ, ಹೊಸ ನಡೆಗೆ ಒಂದು ಅಕ್ಷರ. ಆಟ ತೆರೆಯುವ ಪ್ರತಿ ಕ್ರಮಕ್ಕೂ ಒಂದು ಸಂಕೇತ: ಬಿ90 ಅಂದರೆ ಸಿಸಿಲಿಯನ್ ನೈಡಾರ್ಫ್ ಎಂಬ ಆರಂಭ, ಮಾಸ್ಕೋದಲ್ಲೂ ಅದೇ, ಮಾಟುಂಗದಲ್ಲೂ ಅದೇ.

ನನಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಹೋಟೆಲಿನ ಬಿಲ್ಲಿನ ಮೇಲಿದ್ದ ಹೆಸರನ್ನೂ ಅಕ್ಷರ ಕೂಡಿಸಿ ಓದುತ್ತಿದ್ದೆ. ಆದರೂ ಸೋವಿಯತ್ ಆಟಗಾರ ಕಾಸ್ಪರೋವ್ ಏನು ಯೋಚಿಸಿದ ಎಂದು ಓದಬಲ್ಲವನಾಗಿದ್ದೆ. ನಡುವೆ ಯಾರೂ ತರ್ಜುಮೆಗೆ ಬೇಕಾಗಿರಲಿಲ್ಲ. ಈಗ ನೆಟ್ಟಿನಲ್ಲಿ ಎಲ್ಲ ಸಿಗುತ್ತದೆ ಅನ್ನುವವರು ಒಂದು ಸಲ ಯೋಚಿಸಲಿ. ತಾಸುಗಟ್ಟಲೆ ವಿಡಿಯೊ, ಬಹುಪಾಲು ಇಂಗ್ಲಿಷ್, ಇಲ್ಲ ಹಿಂದಿ. ಕನ್ನಡ ಮಾಧ್ಯಮದ ಹೋಟೆಲ್ ಹುಡುಗನೊಬ್ಬನಿಗೆ ಅಲ್ಲಿ ಕುರ್ಚಿ ಎಲ್ಲಿದೆ?

ಆ ಚಿಹ್ನೆಗಳಲ್ಲಿ ಒಂದು ನನಗೆ ಬಹಳ ಪ್ರೀತಿಯದು. ಅಡ್ಡ ಮಲಗಿಸಿದ ಎಂಟರ ಅಂಕಿ. ಗಣಿತದಲ್ಲಿ ಅದು ಅನಂತ, ಇನ್ಫಾರ್ಮೆಂಟಿನಲ್ಲಿ "ಸ್ಪಷ್ಟವಿಲ್ಲ". ಒಬ್ಬ ಗ್ರ್ಯಾಂಡ್‌ಮಾಸ್ಟರ್ ಹತ್ತು ನಡೆ ಆಳಕ್ಕೆ ಇಳಿದು, ಕೊನೆಗೆ ಕೈ ನಿಲ್ಲಿಸಿ, ಇಲ್ಲಿಂದಾಚೆ ನನಗೆ ತಿಳಿಯದು ಎಂದು ಅಚ್ಚಿನಲ್ಲಿ ಒಪ್ಪಿಕೊಳ್ಳುವುದು. ಮಾಸ್ತರರು ಆ ಚಿಹ್ನೆ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗುಂಡು ಸುತ್ತುತ್ತಿದ್ದರು. "ಇಲ್ಲಿಂದ ನಮ್ಮ ಕೆಲಸ ಶುರು," ಅನ್ನುತ್ತಿದ್ದರು. ಒಂದು ಎಂಟರ ಮೇಲೆ ನಾವು ವಾರಗಟ್ಟಲೆ ಕೂತದ್ದಿದೆ.

ಇವತ್ತಿನ ಯಂತ್ರದ ಬಳಿ, ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಎಂಜಿನ್ನಿನ ಬಳಿ, ಆ ಚಿಹ್ನೆ ಇಲ್ಲ. ಅದು ಪ್ಲಸ್ ಸೊನ್ನೆ ಪಾಯಿಂಟ್ ನಾಲ್ಕು ಅನ್ನುತ್ತದೆ, ಅಂದರೆ ಬಿಳಿಗೆ ಕೊಂಚ ಮೇಲುಗೈ. ಹಲಗೆಯ ಪಕ್ಕದಲ್ಲಿ ಬಿಳಿ-ಕಪ್ಪು ಪಟ್ಟಿಯೊಂದು ಏರಿಳಿಯುತ್ತದೆ. ನೋಡುವವನು ಸ್ಥಿತಿಯನ್ನು ನೋಡುವ ಮೊದಲೇ ಪಟ್ಟಿಯನ್ನು ನೋಡಿರುತ್ತಾನೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದು ಕೂತಿರುತ್ತದೆ.

1985ರ ವಿಶ್ವ ಚಾಂಪಿಯನ್‌ಶಿಪ್ ನೆನಪಿಸಿಕೊಳ್ಳಿ. ಮಾಸ್ಕೋ, ಅಂದಿನ ಚಾಂಪಿಯನ್ ಕಾರ್ಪೋವ್ ವಿರುದ್ಧ ಕಾಸ್ಪರೋವ್. 12ನೇ ಆಟದಲ್ಲಿ ಕಾಸ್ಪರೋವ್ ಎಂಟನೇ ನಡೆಗೇ ಒಂದು ಕಾಲಾಳನ್ನು ಬಲಿ ಕೊಟ್ಟ. ಆಟ ಡ್ರಾ. 16ನೇ ಆಟದಲ್ಲಿ ಮತ್ತೆ ಅದೇ ಬಲಿ. ಈ ಸಲ ಅವನ ಕರಿ ಕುದುರೆ ಬಿಳಿಯರ ಕೋಟೆಯೊಳಗೆ, ಡಿ3 ಮನೆಯಲ್ಲಿ ಹೋಗಿ ಕೂತಿತು. ಕಾರ್ಪೋವ್‌ನ ಬಲವೆಲ್ಲ ಅಲುಗಾಡಲಾರದೆ ಉಸಿರು ಕಟ್ಟಿತು. 40 ನಡೆಗೆ ಸೋಲೊಪ್ಪಿದ. ಆ ಬಲಿ ಸರಿಯೋ ತಪ್ಪೋ? ಜಗತ್ತಿಗೆ ಗೊತ್ತಿರಲಿಲ್ಲ. ಮರುವರ್ಷ ಬ್ರಸೆಲ್ಸಿನಲ್ಲಿ ಡಚ್ ಆಟಗಾರ ವಾನ್ ಡರ್ ವೀಲ್ ಎದುರು ಕಾರ್ಪೋವ್ ತಾನೇ ಉತ್ತರ ಕಂಡುಹಿಡಿದು ತೋರಿಸಿದ. ಸೋತವನು ತಿಂಗಳುಗಟ್ಟಲೆ ಆ ಗಾಯವನ್ನು ಮನೆಯಲ್ಲಿ ನೋಡಿಕೊಂಡು ಕೂತಿದ್ದ ಅಂತ ನನ್ನ ಊಹೆ. ಆ ತಿಂಗಳುಗಳಲ್ಲಿ ಫೋರ್ಟಿನ ಒಂದು ಕೋಣೆಯಲ್ಲಿ ನಾವೂ ಅದನ್ನೇ ಹುಡುಕುತ್ತಿದ್ದೆವು. ನಮಗೆ ಸಿಗಲಿಲ್ಲ. ಆದರೆ ಹುಡುಕಿದ್ದೆವು. ಕಾರ್ಪೋವ್ ಹುಡುಕುತ್ತಿದ್ದುದನ್ನೇ ಟೇಬಲ್ ಒರೆಸುವ ಹುಡುಗನೂ ಹುಡುಕುತ್ತಿದ್ದ. ಯಂತ್ರವಾದರೆ ಆ ಬಲಿಯ ಲೆಕ್ಕವನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳಿ ಮುಗಿಸುತ್ತದೆ.

ಕಾಗದಕ್ಕೆ ಪೆಟ್ಟು ಬಿದ್ದದ್ದು ಇಂಟರ್‌ನೆಟ್ಟಿನಿಂದ ಮಾತ್ರವಲ್ಲ, ಅದೂ ಗೊತ್ತಿದೆ. ಎಂಬತ್ತರ ದಶಕದ ಕೊನೆಗೇ ಹ್ಯಾಂಬರ್ಗಿನ ಚೆಸ್‌ಬೇಸ್ ಆಟಗಳನ್ನು ಕಂಪ್ಯೂಟರಿಗೆ ತುಂಬಿತು. 1994ರಲ್ಲಿ ಇಂಗ್ಲೆಂಡಿನ ಮಾರ್ಕ್ ಕ್ರೌದರ್ 'ದ ವೀಕ್ ಇನ್ ಚೆಸ್' ಶುರುಮಾಡಿ ವಾರದ ಆಟಗಳನ್ನು ವಾರವಾರವೂ ಪುಕ್ಕಟೆ ಹಂಚಿದ. ತಿಂಗಳುಗಟ್ಟಲೆ ಕಾಯಬೇಕಾದ ಸಂಪುಟ ಹುಟ್ಟುವಾಗಲೇ ಹಳತಾಯಿತು. 1984ರಿಂದ ನಡೆದು ಬಂದ ಡಚ್ಚರ 'ನ್ಯೂ ಇನ್ ಚೆಸ್' ಪತ್ರಿಕೆಯನ್ನು 2021ರಲ್ಲಿ ಪ್ಲೇ ಮ್ಯಾಗ್ನಸ್ ಎಂಬ ಆನ್‌ಲೈನ್ ಚೆಸ್ ಕಂಪನಿ ಕೊಂಡಿತು, ಮರುವರ್ಷ ಪ್ಲೇ ಮ್ಯಾಗ್ನಸನ್ನೇ ಚೆಸ್ ಡಾಟ್ ಕಾಮ್ ಕೊಂಡಿತು. ಅಚ್ಚಿನ ಮನೆಗೆ ಪರದೆಯವನೇ ಯಜಮಾನ. 1836ರಲ್ಲಿ ಪ್ಯಾರಿಸಿನಲ್ಲಿ ಮೊದಲ ಚೆಸ್ ಪತ್ರಿಕೆ ಬಂದಂದಿನಿಂದ ನಡೆದ ದಾರಿ ಇಲ್ಲಿಗೆ ಬಂದು ನಿಂತಿದೆ.

ಗೆಳೆಯರು ಈಗ ಕಾಮೆಂಟಿನಲ್ಲಿ ಏನು ಬರೆಯುತ್ತೀರಿ ಅಂತಲೂ ಗೊತ್ತು. ನೆಟ್ ಬಂದ ಮೇಲೇ ಅಲ್ಲವೇ ನಮ್ಮಲ್ಲಿ ಗ್ರ್ಯಾಂಡ್‌ಮಾಸ್ಟರುಗಳು ಎಂಬತ್ತು ದಾಟಿದ್ದು? 1988ರಲ್ಲಿ ಆನಂದ್ ಒಬ್ಬರೇ ಇದ್ದರಲ್ಲ? ಮೈಸೂರಿನ ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರಲ್ಲ? ನಾಗಪುರದ ದಿವ್ಯಾ ದೇಶಮುಖ್ 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದಳಲ್ಲ? ಹೌದು, ಹೌದು, ಹೌದು. ಕೇಳಿ ಕಣ್ಣು ತುಂಬಿಕೊಂಡವನು ನಾನು. ಆದರೆ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್‌ನನ್ನು ಸೋಲಿಸಿ, ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್‌ಗೆ ಅವನ ಗುರು ವಿಷ್ಣು ಪ್ರಸನ್ನ ಏನು ಮಾಡಿದ್ದರು? ಗ್ರ್ಯಾಂಡ್‌ಮಾಸ್ಟರ್ ಆಗುವವರೆಗೂ ಎಂಜಿನ್ ಮುಟ್ಟಗೊಡಲಿಲ್ಲ. ಸ್ವಂತ ತಲೆಯಲ್ಲಿ ಲೆಕ್ಕ ಹಾಕು ಎಂದರು. ಮಾಸ್ತರರ ಪೆನ್ಸಿಲಿನ ಗುಂಡಿಗೂ ಅದಕ್ಕೂ ಏನು ಫರಕು? ಹಾಗಾಗಿ ಆ ಮಾತನ್ನು ನನ್ನೆದುರು ತರಬೇಡಿ.

2025ರ ನವೆಂಬರಿನಲ್ಲಿ ಇಲ್ಲೇ ಪಕ್ಕದ ಗೋವಾದಲ್ಲಿ ವಿಶ್ವಕಪ್ ನಡೆಯಿತು. ರಾತ್ರಿ ರಾತ್ರಿ ಕೂತು ನೋಡಿದೆ. ಉಜ್ಬೇಕಿಸ್ತಾನದ ಸಿಂದಾರೋವ್ ಗೆದ್ದ. ಎಷ್ಟು ಆಟ ನೋಡಿದೆನೋ ಲೆಕ್ಕವಿಲ್ಲ, ಒಂದು ಸ್ಥಿತಿಯೂ ಮನಸ್ಸಿನಲ್ಲಿ ನಿಂತಿಲ್ಲ. ಆ ಡಿ3 ಕುದುರೆ ನಲವತ್ತು ವರ್ಷದಿಂದ ಅಲ್ಲೇ ಕೂತಿದೆ.

ಇದು ಬುದ್ಧಿಬಳದ ಊರು, ಮರಾಠಿಯಲ್ಲಿ ಚದುರಂಗಕ್ಕೆ ಅದೇ ಹೆಸರು, ಅಂತ ಬೇರೆ ಹೇಳಿಕೊಳ್ಳುತ್ತೇವೆ. ವಾಸಂತಿ, ಜಯಶ್ರೀ, ರೋಹಿಣಿ, ಮೂವರು ಖಾಡಿಲ್ಕರ್ ಅಕ್ಕತಂಗಿಯರು ಈ ಮುಂಬಯಿಯವರು. ಅವರ ತಂದೆ 'ನವಾಕಾಳ' ಪತ್ರಿಕೆಯ ಸಂಪಾದಕರಾಗಿದ್ದವರು. ಅಚ್ಚಿನ ಮಸಿ ಮತ್ತು ಚದುರಂಗ ಒಂದೇ ಮನೆಯಲ್ಲಿದ್ದ ಊರಿದು. ನಮ್ಮ ಕನ್ನಡದ ಕಡೆಗೆ ಬನ್ನಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಬಂಧಗಳನ್ನು ರೇಷ್ಮೆಯ ಮೇಲೆ ಅಚ್ಚು ಹಾಕಿಸಿದ್ದರು. ರೇಷ್ಮೆಯ ಮೇಲೆ! ಆ ಪರಂಪರೆಯ ನಾವು ಮಾಸ್ತರರ ಗಂಟನ್ನು ತಕ್ಕಡಿಗೆ ಹಾಕಿದೆವು.

ಇನ್ನೊಂದು ಸಂಗತಿ. ಮನೆಗೆ ಬಂದು 40ನೇ ಸಂಪುಟ ತೆರೆದು, ಮಾಸ್ತರರು ಗುಂಡು ಸುತ್ತಿದ ಒಂದು ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿದೆ. ರಜೆಗೆ ಬಂದಿದ್ದ ಅಕ್ಕನ ಮೊಮ್ಮಗ ಪಕ್ಕದಲ್ಲಿ ನಿಂತಿದ್ದ. ಪುಟದ ಚಿತ್ರಕ್ಕೆ ಫೋನ್ ಹಿಡಿದ, ಒಂದು ಫೋಟೊ ತೆಗೆದ. "ಅಜ್ಜ, ಮಂತ್ರಿಯನ್ನು ಎಚ್5ಕ್ಕೆ ನಡೆಸಿ. ಬಿಳಿ ಗೆಲ್ಲುತ್ತದೆ."

ನಾನು ಕೂಗಿಬಿಟ್ಟೆ. ಹತ್ತು ವರ್ಷದ ಮಗುವಿನ ಮೇಲೆ. ಅವನು ಹೆದರಿ ಒಳಗೆ ಹೋದ. ಅವನು ಸಹಾಯ ಮಾಡಲು ಬಂದಿದ್ದ, ನನಗೆ ಅದು ಆಮೇಲೆ ಹೊಳೆಯಿತು. ಹೋಗಿ ತಲೆ ಸವರಿ ಕರೆತಂದೆ. ಯಾಕೆ ಕೂಗಿದೆ ಎಂದು ಕೇಳಿದ. ಹೇಳಲು ಹೊರಟೆ, ಗಂಟಲು ಕಟ್ಟಿತು. ಮಾಸ್ತರರು ಆ ಗುಂಡಿನ ಪಕ್ಕ ಸಣ್ಣ ಅಕ್ಷರದಲ್ಲಿ ಆರು ಬೇರೆ ಬೇರೆ ದಾರಿ ಬರೆದು, ಐದನ್ನು ಹೊಡೆದುಹಾಕಿದ್ದರು. ಉಳಿದ ಒಂದು, ಹುಡುಗ ಹೇಳಿದ್ದಲ್ಲ. ಮಾಸ್ತರರು ತಪ್ಪಿದ್ದರು. ಆ ತಪ್ಪು ನನಗೆ ಯಂತ್ರದ ಸರಿಗಿಂತ ದೊಡ್ಡದು, ಯಾಕೆಂದರೆ ಅದರೊಳಗೆ ಒಬ್ಬ ಮನುಷ್ಯನ ಎಷ್ಟೋ ರಾತ್ರಿಗಳಿವೆ.

ಗ್ರಂಥಾಲಯದವರನ್ನೇ ಬೈದು ಮುಗಿಸಿದರೆ ಅನ್ಯಾಯವಾದೀತು. ಚೆಸ್ ಪತ್ರಿಕೆಯ ಚಂದಾ ನವೀಕರಿಸಿ ಎಂಬ ಕಾಗದ 2003ರಲ್ಲಿ ನನ್ನ ಮನೆಗೂ ಬಂದಿತ್ತು. ಮನೆಯಲ್ಲಿ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ನಾನು ದುಡ್ಡು ಕಳಿಸಲಿಲ್ಲ. ದುಡ್ಡಿಗೆ ಕೊರತೆಯೇನೂ ಇರಲಿಲ್ಲ. ಎಲ್ಲ ನೆಟ್ಟಲ್ಲೇ ಸಿಗುತ್ತದಲ್ಲ ಅಂತ ನಾನೂ ಅಂದುಕೊಂಡಿದ್ದೆ, ಇದೇ ಮಾತು, ಅಕ್ಷರ ಅಕ್ಷರ ಇದೇ. ಆ ಕಪಾಟನ್ನು ಜೋಡಿಸಿ ಬಂದವನು ಆಮೇಲೆ ಒಂದು ಸಲವೂ ಅಲ್ಲಿಗೆ ಹೋಗಿ ಒಂದು ಸಂಪುಟ ಕೇಳಿ ಪಡೆಯಲಿಲ್ಲ. ಯಾರೂ ತೆಗೆದು ನೋಡಲಿಲ್ಲ ಅಂದರಲ್ಲ, ಆ 'ಯಾರೂ'ದಲ್ಲಿ ನಾನಿದ್ದೇನೆ.

ಮಧ್ಯಾಹ್ನ ಊಟ ಬಿಟ್ಟು ಎಲ್ಲವನ್ನೂ ಒರೆಸಿ ಅಂಕಿ ಪ್ರಕಾರ ಜೋಡಿಸಿದೆ. 38ರಿಂದ 50ರವರೆಗೆ ಇವೆ. 44 ಇಲ್ಲ. 1987ರ ಎರಡನೇ ಅರ್ಧದ ಸಂಪುಟ, ಆನಂದ್ ಗ್ರ್ಯಾಂಡ್‌ಮಾಸ್ಟರ್ ಆಗುವ ಹೊತ್ತಿನದು. ಅದು ಇಲ್ಲದಿರುವುದಕ್ಕೆ ಗ್ರಂಥಾಲಯ ಕಾರಣವಲ್ಲ. ಮಾಸ್ತರರು ನನಗೆ ಓದಲು ಕೊಟ್ಟಿದ್ದರು. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಲಗೇಜ್ ಕಂಬಿಯ ಮೇಲೆ ಬಿಟ್ಟು ಇಳಿದೆ. ಹೇಳಿದಾಗ ಅವರು ಬೈಯಲಿಲ್ಲ. ಯಾರಾದರೂ ಓದಿಕೊಳ್ಳಲಿ ಬಿಡು ಮಾರಾಯ ಅಂದರು.

ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ, ತೀರಿಕೊಂಡ ಯಾವ ಮಾವನ ಟ್ರಂಕಿನಲ್ಲಾದರೂ ಹಳೆ ಚೆಸ್ ಸಂಚಿಕೆಗಳಿದ್ದರೆ ರದ್ದಿಗೆ ಹಾಕುವ ಮೊದಲು ನನಗೊಂದು ಮೆಸೇಜ್ ಮಾಡಿ. ವಿರಾರ್ ಆಗಲಿ, ಪನ್ವೇಲ್ ಆಗಲಿ, ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ. 44 ಇದ್ದರೆ ರಾತ್ರಿಯಾದರೂ ಸರಿ, ಫೋನ್ ಮಾಡಿ.