ಮಂಡಿ ಆಪರೇಷನ್‌ಗೆ ರೋಬೋಟ್ ಬೇಕೇ? ಪರ, ವಿರೋಧ

ಮಂಡಿ ಸವೆದು ನಡೆಯಲಾಗದೆ, ಕೃತಕ ಮಂಡಿ ಹಾಕಿಸಿಕೊಳ್ಳಲು ಬರುವ ರೋಗಿಗಳು ಈಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ನಿಮ್ಮಲ್ಲಿ ರೋಬೋಟ್ ಇದೆಯಾ ಸಾರ್?" ಒಂದೇ ಯೂನಿಟ್‌ನಲ್ಲಿ ಪಿಜಿ (ಎಂಬಿಬಿಎಸ್ ಆದ ಮೇಲಿನ ತರಬೇತಿ) ಮಾಡಿದ ಇಬ್ಬರು ಮೂಳೆ ಡಾಕ್ಟರು ಆ ಪ್ರಶ್ನೆಗೆ ಇಲ್ಲಿ ಎರಡು ಕಡೆಯಿಂದ ಉತ್ತರ ಬರೆದಿದ್ದಾರೆ. ಮೊದಲನೆಯವರು ಹದಿನೈದು ವರ್ಷ ಕೈಯಲ್ಲೇ ಮಾಡಿ ಆಮೇಲೆ ರೋಬೋಟ್ ಹಿಡಿದವರು. ಎರಡನೆಯವರು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು.

ಪರ: ಅಳತೆ ಕಣ್ಣಿಗೆ ಕಾಣಬೇಕು

ಮೊದಲು ಒಂದು ತಪ್ಪು ತಿಳಿವಳಿಕೆ ಸರಿ ಮಾಡುತ್ತೇನೆ. ರೋಬೋಟ್ ಅಂದರೆ ಯಂತ್ರವೇ ಆಪರೇಷನ್ ಮಾಡುತ್ತದೆ, ಡಾಕ್ಟರು ದೂರ ನಿಂತು ನೋಡುತ್ತಾರೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ತಾನಾಗಿಯೇ ಮೂಳೆ ಕೊರೆಯುವ ಯಂತ್ರಗಳೂ ಇವೆ, ನಿಜ. ನಾನು ಬಳಸುವ ಯಂತ್ರದಲ್ಲಿ ಸಾ, ಅಂದರೆ ಮೂಳೆ ಕತ್ತರಿಸುವ ಗರಗಸ, ಹಿಡಿಯುವುದು ನನ್ನ ಕೈಯೇ. ಯಂತ್ರದ ತೋಳು ಅದನ್ನು ಗಡಿ ದಾಟದ ಹಾಗೆ ಹಿಡಿದಿಡುತ್ತದೆ, ಅಷ್ಟೇ.

ಇದರಿಂದ ಏನು ಲಾಭ ಅಂತ ತಿಳಿಯಬೇಕಾದರೆ ಹಳೆಯ ವಿಧಾನ ಗೊತ್ತಿರಬೇಕು. ಮಂಡಿ ತೆರೆದ ಮೇಲೆ ತೊಡೆಮೂಳೆಯ ಕೆಳತುದಿಯಲ್ಲಿ ತೂತು ಕೊರೆಯುತ್ತೇವೆ. ಮೂಳೆಯ ಒಳಗಿನ ಟೊಳ್ಳಿಗೆ ಉದ್ದನೆಯ ರಾಡ್ ತೂರಿಸುತ್ತೇವೆ. ಆ ರಾಡ್‌ಗೆ ಜಿಗ್, ಅಂದರೆ ಎಲ್ಲಿ ಕತ್ತರಿಸಬೇಕು ಅಂತ ದಾರಿ ತೋರಿಸುವ ಅಚ್ಚು, ಸಿಕ್ಕಿಸಿ, ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಕೋನ ಇಟ್ಟು, ಅದರ ಸೀಳಿನಲ್ಲಿ ಸಾ ಓಡಿಸುತ್ತೇವೆ. ಎಲ್ಲರ ತೊಡೆಮೂಳೆಯೂ ಹೆಚ್ಚು ಕಡಿಮೆ ಒಂದೇ ತರ ಇದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ನಮ್ಮ ಕಡೆಯ ರೋಗಿಗಳು ಬರುವುದೇ ತಡವಾಗಿ, ಕಾಲು ಬಿಲ್ಲಿನ ಹಾಗೆ ಬಾಗಿದ ಮೇಲೆ. ಕೆಲವರಲ್ಲಿ ಮಂಡಿ ಮಾತ್ರ ಅಲ್ಲ, ತೊಡೆಮೂಳೆಯೇ ಹೊರಗೆ ಬಾಗಿರುತ್ತದೆ. ಬಾಗಿದ ಮೂಳೆಯೊಳಗೆ ನೇರ ರಾಡ್ ಹಾಕಿದರೆ ಅದು ತೋರಿಸುವ ದಿಕ್ಕನ್ನು ಹೇಗೆ ನಂಬುವುದು?

ನನ್ನ ಮನಸ್ಸು ಬದಲಾಗಿದ್ದು ಒಬ್ಬ ಅಜ್ಜಿಯಿಂದ. ಬಸ್ಸಿನಿಂದ ಬಿದ್ದು ಹತ್ತು ವರ್ಷ ಹಿಂದೆ ತೊಡೆಗೆ ಪ್ಲೇಟ್ ಹಾಕಿಸಿಕೊಂಡಿದ್ದರು. ಎಕ್ಸ್‌ರೇಯಲ್ಲಿ ಎಂಟು ಸ್ಕ್ರೂ ಸಾಲಾಗಿ ಮೂಳೆಯ ಟೊಳ್ಳಿಗೆ ಅಡ್ಡ ನಿಂತಿದ್ದವು. ರಾಡ್ ಹೋಗಲು ದಾರಿಯೇ ಇಲ್ಲ. ಹಳೆಯ ದಾರಿ ಹಿಡಿದರೆ ಮೊದಲು ಪ್ಲೇಟ್ ತೆಗೆಯುವ ಒಂದು ಆಪರೇಷನ್, ಕೆಲವು ತಿಂಗಳು ಬಿಟ್ಟು ಮಂಡಿಗೆ ಇನ್ನೊಂದು. ಅವರಿಗೆ ಎಪ್ಪತ್ತೆರಡು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ರೋಬೋಟ್‌ಗೆ ರಾಡ್ ಬೇಕಿಲ್ಲ. ಮಂಡಿಯ ಮೇಲೂ ಕೆಳಗೂ ಮೂಳೆಗೆ ಸಣ್ಣ ಪಿನ್ ಹಾಕಿ ಟ್ರ್ಯಾಕರ್, ಅಂದರೆ ಕ್ಯಾಮೆರಾ ಗುರುತಿಸುವ ಸಾಧನ, ಕಟ್ಟಿದೆವು. ಕಾಲನ್ನು ಗುಂಡಗೆ ತಿರುಗಿಸಿದಾಗ ಸೊಂಟದ ಕೀಲಿನ ನಡು ಎಲ್ಲಿದೆ ಅಂತ ಕ್ಯಾಮೆರಾ ಲೆಕ್ಕ ಹಾಕಿತು. ಮಂಡಿಯೊಳಗೂ ಪಾದದ ಗೆಣ್ಣಿನ ಮೇಲೂ ಒಂದೊಂದೇ ಗುರುತು ಮುಟ್ಟಿ ತೋರಿಸಿದೆ. ಪ್ಲೇಟ್ ಇದ್ದ ಜಾಗದಲ್ಲೇ ಇತ್ತು. ಮಾರನೇ ದಿನ ಅಜ್ಜಿ ವಾಕರ್ ಹಿಡಿದು ವಾರ್ಡಿನಲ್ಲಿ ನಡೆದರು.

ಇನ್ನೊಂದು ಲಾಭ ಎಲ್ಲ ರೋಗಿಗಳಿಗೂ ಸಿಗುತ್ತದೆ. ಕತ್ತರಿಸುವ ಮೊದಲೇ ಸ್ಕ್ರೀನ್ ಮೇಲೆ ಎಲ್ಲ ಕಾಣುತ್ತದೆ. ಕಾಲು ಎಷ್ಟು ಡಿಗ್ರಿ ಬಾಗಿದೆ, ಮಂಡಿಯ ಒಳಬದಿ ಎಷ್ಟು ಬಿಗಿ, ಹೊರಬದಿ ಎಷ್ಟು ಮಿಲಿಮೀಟರ್ ಸಡಿಲ. ಒಂದು ಡಿಗ್ರಿ ಅತ್ತ ಇತ್ತ ಮಾಡಿದರೆ ಏನಾಗುತ್ತದೆ ಅಂತ ಅಲ್ಲೇ ನೋಡಬಹುದು. ಕತ್ತರಿಸಿದ ಮೂಳೆಯನ್ನು ವಾಪಸ್ ಅಂಟಿಸಲು ಆಗುವುದಿಲ್ಲ. ಕೈಯಲ್ಲಿ ಮಾಡುವಾಗ ಎಷ್ಟೋ ಸಲ ತಪ್ಪು ಗೊತ್ತಾಗುವುದು ಕತ್ತರಿಸಿದ ಮೇಲೆಯೇ. ಕಾಲಿನ ಅಕ್ಷ (ಸೊಂಟದ ಕೀಲಿನಿಂದ ಪಾದದ ಗೆಣ್ಣಿನವರೆಗಿನ ನೇರ) 3 ಡಿಗ್ರಿಗಿಂತ ಜಾಸ್ತಿ ತಪ್ಪುವ ಪ್ರಸಂಗ ರೋಬೋಟ್‌ನಲ್ಲಿ ಕಡಿಮೆ ಅಂತ ಮತ್ತೆ ಮತ್ತೆ ಕಂಡುಬಂದಿದೆ. ಸವೆದ ಒಂದು ಬದಿಯನ್ನು ಮಾತ್ರ ಬದಲಾಯಿಸುವ ಅರ್ಧ ಮಂಡಿ ಆಪರೇಷನ್‌ನಲ್ಲಂತೂ ಒಂದೆರಡು ಮಿಲಿಮೀಟರ್ ಕೂಡ ದೊಡ್ಡ ವ್ಯತ್ಯಾಸವೇ.

ಈಗ ಕಲಿಕೆಯ ಮಾತು. ನನಗೆ ಇದು ಎಲ್ಲಕ್ಕಿಂತ ಮುಖ್ಯ.

ನಾನೂ ನನ್ನ ಗೆಳೆಯನೂ ಪಿಜಿ ಆಗಿದ್ದಾಗ ನಮ್ಮ ಗುರುಗಳು ಕಾಲನ್ನು ನೀಟಾಗಿ ಚಾಚಿಸಿ, ಒಳಕ್ಕೊಮ್ಮೆ ಹೊರಕ್ಕೊಮ್ಮೆ ಒತ್ತಿ ನೋಡುತ್ತಿದ್ದರು. "ಹ್ಞೂಂ, ಸರಿಯಾಗಿದೆ" ಅನ್ನುತ್ತಿದ್ದರು. ಏನು ಸರಿಯಾಗಿದೆ? ಎಷ್ಟು ಸರಿಯಾಗಿದೆ? ಅದು ಅವರ ಬೆರಳಿಗೆ ಗೊತ್ತು. ಹಿಂದೆ ಕತ್ತು ಚಾಚಿಕೊಂಡು ನಿಂತಿದ್ದ ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು. ಜನ ಅದನ್ನು ಕೈಗುಣ ಅಂತಾರೆ. ಕೈಗುಣ ಇರುವ ಡಾಕ್ಟರು ಸಿಕ್ಕಿದರೆ ರೋಗಿಯ ಪುಣ್ಯ. ಆದರೆ ಅದು ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಲು ಹತ್ತು ವರ್ಷ ಬೇಕು, ಕೆಲವರಿಗೆ ದಾಟುವುದೇ ಇಲ್ಲ.

ಈಗ ನಾನು ಹೀಗೆ ಮಾಡುತ್ತೇನೆ. ಸ್ಕ್ರೀನನ್ನು ಪಿಜಿಗೆ ಕಾಣದ ಹಾಗೆ ತಿರುಗಿಸುತ್ತೇನೆ. "ಒತ್ತಿ ನೋಡು, ಹೊರಬದಿ ಎಷ್ಟು ಸಡಿಲ ಹೇಳು" ಅನ್ನುತ್ತೇನೆ. ಅವನು "2 ಮಿಲಿಮೀಟರ್ ಸಾರ್" ಅಂತಾನೆ. ಸ್ಕ್ರೀನ್ ಈ ಕಡೆ ತಿರುಗಿಸಿದರೆ 5 ಅಂತ ಇರುತ್ತದೆ. ಇಪ್ಪತ್ತು ಕೇಸ್ ಆಗುವಷ್ಟರಲ್ಲಿ ಅವನ ಊಹೆ ಸ್ಕ್ರೀನಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಯಂತ್ರ ಬಂದರೆ ಕೈ ಕೆಡುತ್ತದೆ ಅನ್ನುವವರು ಇದನ್ನು ಒಮ್ಮೆ ಬಂದು ನೋಡಬೇಕು.

ಖರ್ಚು ಜಾಸ್ತಿ, ಒಪ್ಪುತ್ತೇನೆ. ಬೇರೆ ಬೇರೆ ಕಂಪನಿಗಳ ಯಂತ್ರ ಬಂದ ಹಾಗೆ ಅದು ಇಳಿಯಲೇಬೇಕು. ದೀರ್ಘಕಾಲದ ಫಲಿತಾಂಶ ಎಲ್ಲಿ ಅಂತ ಕೇಳುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಯಂತ್ರಗಳಲ್ಲಿ ಒಂದಕ್ಕೆ ಪೂರ್ತಿ ಮಂಡಿ ಬದಲಿಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 2015ರಲ್ಲಿ. ಇಪ್ಪತ್ತು ವರ್ಷದ ಲೆಕ್ಕ ಸಿಗಲು ಇಪ್ಪತ್ತು ವರ್ಷ ಬೇಕೇ ಬೇಕು. ಅಲ್ಲಿಯವರೆಗೆ, ಅಳತೆ ನೋಡಿ ಕತ್ತರಿಸುವ ಅವಕಾಶ ಇರುವಾಗ ಅಂದಾಜಿನ ಮೇಲೆ ಕತ್ತರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಿರೋಧ: ಆಪರೇಷನ್ ಥಿಯೇಟರಿಗೆ ಬರುವ ಮುಂಚಿನ ಪ್ರಶ್ನೆ

ಗೆಳೆಯನ ಅಜ್ಜಿಯ ವಿಷಯದಲ್ಲಿ ನನಗೆ ತಕರಾರಿಲ್ಲ. ಪ್ಲೇಟ್ ಇರುವ ತೊಡೆ, ಬಾಗಿದ ಮೂಳೆ, ಅಂಥ ಕಡೆ ರೋಬೋಟ್ ಬೇಕು. ನಾನೇ ಅಂಥವರನ್ನು ಅವನ ಹತ್ತಿರ ಕಳಿಸಿದ್ದೇನೆ. ಆದರೆ ರಸ್ತೆ ಬದಿಯ ಹೋರ್ಡಿಂಗ್ ಕರೆಯುವುದು ಅಂಥವರನ್ನು ಮಾತ್ರ ಅಲ್ಲ. ಮಂಡಿ ನೋಯುವ ಎಲ್ಲರನ್ನೂ ಕರೆಯುತ್ತದೆ. ನನ್ನ ವಿರೋಧ ಅದಕ್ಕೆ.

ಡಿಗ್ರಿ ಸರಿಯಾದರೆ ರೋಗಿ ಸುಖವಾಗಿರುತ್ತಾರೆ ಅನ್ನುವುದು ಕೇಳಲು ಸರಿ ಅನ್ನಿಸುತ್ತದೆ. ಕೊರಿಯಾದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಯಾರಿಗೆ ರೋಬೋಟ್, ಯಾರಿಗೆ ಕೈ ಅಂತ ಚೀಟಿ ಎತ್ತಿದ ಹಾಗೆ ಹಂಚಿ, 1,300ಕ್ಕೂ ಹೆಚ್ಚು ರೋಗಿಗಳನ್ನು ಕನಿಷ್ಠ 10 ವರ್ಷ ಹಿಂಬಾಲಿಸಿದರು. 2020ರಲ್ಲಿ ಫಲಿತಾಂಶ ಬಂತು. ನೋವಿನಲ್ಲಾಗಲಿ, ಓಡಾಟದಲ್ಲಾಗಲಿ, ಮಂಡಿ ಬಾಳಿಕೆಯಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ಅದು ಹಳೆಯ ಯಂತ್ರ ಅಂತ ಗೆಳೆಯ ಹೇಳುತ್ತಾನೆ. ಇರಬಹುದು. ಹೊಸದರ ಲೆಕ್ಕ ಬರುವವರೆಗೆ "ಇದೇ ಉತ್ತಮ" ಅಂತ ಬೋರ್ಡ್ ಹಾಕಬಾರದು ಅಲ್ವಾ? ಕೈಯಲ್ಲಿ ಮಾಡಿದ ಮಂಡಿಗಳ ಲೆಕ್ಕ ನಮ್ಮ ಹತ್ತಿರ ಇದೆ. ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಅಂತ 2019ರಲ್ಲಿ ಬೇರೆ ಬೇರೆ ದೇಶಗಳ ದಾಖಲೆ ಕೂಡಿಸಿ ಹೇಳಿದರು. ಆ ಮಂಡಿಗಳನ್ನು ಕೂರಿಸಿದ್ದು ರಾಡ್ ಮತ್ತು ಜಿಗ್.

ಹೊಸದರ ಬಗ್ಗೆ ನಮ್ಮ ಕ್ಷೇತ್ರಕ್ಕೆ ಪಾಠ ಹೇಳಿದವರು ಸೊಂಟದ ಕೀಲು ಬದಲಿಸುವುದನ್ನು ರೂಢಿಗೆ ತಂದ ಜಾನ್ ಚಾರ್ನ್‌ಲಿ. ಇಂಗ್ಲೆಂಡಿನಲ್ಲಿ 1958ರ ಸುಮಾರಿಗೆ ಅವರು ಕೀಲಿನ ಗುಳಿಯಲ್ಲಿ ಟೆಫ್ಲಾನ್ ಅನ್ನುವ ಪ್ಲಾಸ್ಟಿಕ್ಕಿನ ಬಟ್ಟಲು ಇಟ್ಟು ಸುಮಾರು 300 ಆಪರೇಷನ್ ಮಾಡಿದರು. ಮೊದಮೊದಲು ರೋಗಿಗಳು ಸಂತೋಷವಾಗಿ ನಡೆದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿಗೆ ಸುತ್ತಲಿನ ಮೂಳೆ ಹಾಳಾಯಿತು. ಚಾರ್ನ್‌ಲಿ ಆ ರೋಗಿಗಳಿಗೆ ಒಬ್ಬೊಬ್ಬರಿಗೇ ಮತ್ತೆ ಆಪರೇಷನ್ ಮಾಡಿದರು. ತಮ್ಮ ತೊಡೆಯಲ್ಲೇ ಟೆಫ್ಲಾನ್ ಮತ್ತು ಹೊಸ ಪ್ಲಾಸ್ಟಿಕ್ ಎರಡನ್ನೂ ಇಟ್ಟುಕೊಂಡು ದೇಹ ಹೇಗೆ ತಿರುಗಿಬೀಳುತ್ತದೆ ಅಂತ ನೋಡಿದರು. 1962ರಲ್ಲಿ ಆ ಹೊಸ ಪ್ಲಾಸ್ಟಿಕ್ ಆದ ಪಾಲಿಎಥಿಲೀನ್‌ಗೆ ಬಂದರು, ಅದು ಗೆದ್ದಿತು. ಗೆದ್ದ ಮೇಲೂ ಅದನ್ನು ಎಲ್ಲರಿಗೂ ಮಾರಲು ಬಿಡಲಿಲ್ಲ. ತಮ್ಮ ರೈಟಿಂಗ್‌ಟನ್ ಆಸ್ಪತ್ರೆಗೆ ಬಂದು ಕಲಿತವರಿಗೆ ಮಾತ್ರ ಕೊಡಬೇಕು ಅಂತ ವರ್ಷಗಟ್ಟಲೆ ತಡೆದಿಟ್ಟರು.

ಆ ತಾಳ್ಮೆ ಮರೆತಾಗ ಏನಾಯಿತು ಅಂತಲೂ ನೋಡಿದ್ದೇವೆ. ಲೋಹದ ಮೇಲೆ ಲೋಹ ಉಜ್ಜುವ ಎಎಸ್‌ಆರ್ ಅನ್ನುವ ಕೃತಕ ಸೊಂಟದ ಕೀಲನ್ನು ಹೆಚ್ಚು ಬಾಳಿಕೆ ಬರುತ್ತದೆ ಅಂತ ನಂಬಿ ಹಾಕಿದರು. 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ವಾಪಸ್ ಕರೆಸಿಕೊಂಡಿತು. ಅಷ್ಟರಲ್ಲಿ ಪ್ರಪಂಚದಾದ್ಯಂತ ಸುಮಾರು 93,000 ಜನರ ಮೈಯಲ್ಲಿ ಅದು ಕೂತಿತ್ತು. ನಮ್ಮ ದೇಶದ ಸಾವಿರಾರು ಜನರೂ ಅದರಲ್ಲಿ ಇದ್ದರು, ಪರಿಹಾರಕ್ಕೆ ವರ್ಷಾನುಗಟ್ಟಲೆ ಅಲೆದರು.

ಹಣದ ಮಾತನ್ನು ಗೆಳೆಯ ಎರಡೇ ಸಾಲಿನಲ್ಲಿ ಮುಗಿಸಿದ. ರೋಗಿಯ ಮನೆಯಲ್ಲಿ ಅದು ಎರಡು ಸಾಲಿಗೆ ಮುಗಿಯುವುದಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗಳ, ಅಂದರೆ ಒಳಗೆ ಕೂರಿಸುವ ಕೃತಕ ಕೀಲುಗಳ, ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಬೆಲೆ ಒಂದೂವರೆ ಲಕ್ಷದ ಆಸುಪಾಸಿನಿಂದ 54,720 ರೂಪಾಯಿಗೆ ಇಳಿಯಿತು, ಜಿಎಸ್‌ಟಿ ಬೇರೆ. ಅವತ್ತು ನಮ್ಮ ಓಪಿಡಿಯಲ್ಲಿ ಎಷ್ಟೋ ಮುಖ ಅರಳಿದ್ದು ಕಂಡಿದ್ದೇನೆ. ಈಗ ಬಿಲ್ಲಿನಲ್ಲಿ ರೋಬೋಟ್ ಚಾರ್ಜ್ ಅಂತ ಹೊಸ ಸಾಲು ಬಂದಿದೆ. ಒಂದು ಸಲ ಬಳಸಿ ಬಿಸಾಡುವ ಪಿನ್ನು, ಬ್ಲೇಡು, ಕವರು, ಕೆಲವು ಯಂತ್ರಗಳಿಗೆ ಮೊದಲೇ ಒಂದು ಸಿಟಿ ಸ್ಕ್ಯಾನು. ಜೊತೆಗೆ ಸಾಮಾನ್ಯವಾಗಿ ಯಾವ ಕಂಪನಿಯ ಯಂತ್ರವೋ ಅದೇ ಕಂಪನಿಯ ಮಂಡಿಯನ್ನೇ ಹಾಕಬೇಕು. ಆಸ್ಪತ್ರೆ ಯಂತ್ರ ಕೊಂಡ ದಿನವೇ ರೋಗಿಗೆ ಯಾವ ಇಂಪ್ಲಾಂಟ್ ಅನ್ನುವ ತೀರ್ಮಾನವೂ ಆಗಿ ಹೋಗಿರುತ್ತದೆ. ಡಾಕ್ಟರಾಗಿ ನನಗೆ ಇದು ನುಂಗಲಾರದ ತುತ್ತು.

ಇನ್ನು ಕಲಿಕೆ. ಗೆಳೆಯ ಸ್ಕ್ರೀನ್ ತಿರುಗಿಸಿ ಪಾಠ ಹೇಳುವುದು ನನಗೆ ಇಷ್ಟವಾಯಿತು. ಆದರೆ ಅದು ನಡೆಯುವುದು ಅವನಿಗೆ ಮೊದಲೇ ಹದಿನೈದು ವರ್ಷದ ಕೈ ಇರುವುದರಿಂದ. ಸ್ಕ್ರೀನ್ ಯಾವಾಗ ಸುಳ್ಳು ಹೇಳುತ್ತಿದೆ ಅಂತ ಅವನಿಗೆ ಗೊತ್ತಾಗುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಖಾಸಗಿ ಆಸ್ಪತ್ರೆ ಸೇರಿ ಎರಡು ವರ್ಷ ರೋಬೋಟ್‌ನಲ್ಲೇ ಮಾಡಿದ. ಒಂದು ದಿನ ಮೂಳೆ ಮೆತ್ತಗಿದ್ದ ರೋಗಿಗೆ ಹಾಕಿದ್ದ ಟ್ರ್ಯಾಕರ್ ಪಿನ್ ನಡುವೆ ಸಡಿಲವಾಯಿತು. ಆಮೇಲೆ ಸ್ಕ್ರೀನ್ ಮೇಲಿನ ಒಂದು ಅಂಕಿಯನ್ನೂ ನಂಬುವ ಹಾಗಿರಲಿಲ್ಲ. ಜಿಗ್ ಟ್ರೇ ತೆಗೆಸಿ ಕೈಯಲ್ಲೇ ಮುಗಿಸಿದ. ರಾತ್ರಿ ನನಗೆ ಫೋನ್ ಮಾಡಿದ. "ಮುಗಿಯಿತು ಸಾರ್, ಚೆನ್ನಾಗಿದ್ದಾರೆ. ಆದರೆ ಜಿಗ್ ಹಿಡಿದಾಗ ಕೈ ನಡುಗಿತು" ಅಂದ. ಅವನಿಗಾದರೂ ಪಿಜಿಯಲ್ಲಿ ಜಿಗ್ ಹಿಡಿದ ನೆನಪಿತ್ತು. ಅದೂ ಇಲ್ಲದೆ ಬರುವವರು ಏನು ಮಾಡಬೇಕು?

ನಮ್ಮ ಪಿಜಿಗಳು ಈಗ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಅಲ್ಲಿ ಬರುವುದು ಬೈಕಿನಿಂದ ಬಿದ್ದು ಮುರಿದ ಕಾಲು, ತೆಂಗಿನ ಮರದಿಂದ ಬಿದ್ದ ಬೆನ್ನು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜ. ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರ ಒಂದು ಕೆಟ್ಟು ನಿಲ್ಲದಿದ್ದರೆ ಸಾಕು ಅನ್ನಿಸುವ ಜಾಗ. ಮೂರು ವರ್ಷದ ಕೋರ್ಸಿನಲ್ಲಿ ಅವರ ಕೈಗೆ ಸಿಗುವ ಕೇಸ್‌ಗಳೇ ಎಣಿಕೆಯವು. ಅದರಲ್ಲಿ ಎಷ್ಟನ್ನು ಯಂತ್ರಕ್ಕೆ ಬಿಟ್ಟುಕೊಡಬೇಕು?

ಮಂಡಿ ಬದಲಿಸಿಕೊಂಡವರಲ್ಲಿ ಐವರಲ್ಲಿ ಒಬ್ಬರವರೆಗೂ ಪೂರ್ತಿ ತೃಪ್ತಿ ಇರುವುದಿಲ್ಲ ಅಂತ ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಅದನ್ನೇ ಮುಂದಿಟ್ಟುಕೊಂಡು ರೋಬೋಟ್ ಮಾರುತ್ತಾರೆ. ಆ ಅತೃಪ್ತರ ಜೊತೆ ಕೂತು ಮಾತಾಡಿದರೆ ಡಿಗ್ರಿಗಿಂತ ಬೇರೆ ಕಾರಣಗಳೇ ಜಾಸ್ತಿ ಸಿಗುತ್ತವೆ. ಸವೆತ ಇನ್ನೂ ಸ್ವಲ್ಪ ಇರುವಾಗಲೇ ಆಪರೇಷನ್ ಆಗಿರುತ್ತದೆ. ಬೆನ್ನುನೋವು ಇದ್ದಿದ್ದನ್ನು ಯಾರೂ ಕೇಳಿರುವುದಿಲ್ಲ. ಇಲ್ಲವೇ ಚಕ್ಕಂಬಕ್ಕಳ ಹಾಕಿ ಕೂತು ರೊಟ್ಟಿ ತಟ್ಟಬಹುದು ಅಂತ ಆಸೆ ಇಟ್ಟುಕೊಂಡಿರುತ್ತಾರೆ, ಹಾಗೆ ಕೂರುವುದು ಕಷ್ಟ ಅಂತ ಮೊದಲೇ ಯಾರೂ ಹೇಳಿರುವುದಿಲ್ಲ. ಇವೆಲ್ಲ ಓಪಿಡಿಯಲ್ಲಿ, ಕುರ್ಚಿಯ ಎದುರು ಆಗಬೇಕಾದ ಕೆಲಸ.

ಕಳೆದ ಮಳೆಗಾಲದಲ್ಲಿ ಒಬ್ಬ ಅಮ್ಮ ಮಗನ ಜೊತೆ ಬಂದರು. ಬಲ ಮಂಡಿ ನೋವು. ಇನ್ನೊಂದು ಕಡೆ ರೋಬೋಟ್ ಆಪರೇಷನ್‌ಗೆ ದಿನ ಗೊತ್ತಾಗಿತ್ತು, ಮಗ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದ. ನನ್ನ ಪಿಜಿ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದಳು. "ಸವೆತ ಇದೆ ಸಾರ್, ಆದರೆ ಇಷ್ಟು ನೋವು ಬರುವಷ್ಟಿಲ್ಲ" ಅಂದಳು. ನಾನು ಏನೂ ಹೇಳಲಿಲ್ಲ. ಅವಳು ಅಮ್ಮನನ್ನು ಮಂಚದ ಮೇಲೆ ಮಲಗಿಸಿದಳು. ಮಂಡಿ ಮಡಚಿ, ಪಾದ ಹಿಡಿದು, ಮೆಲ್ಲಗೆ ಕಾಲನ್ನು ಒಳಕ್ಕೆ ತಿರುಗಿಸಿದಳು. ಸೊಂಟದ ಕೀಲು ಒಂದಿಷ್ಟೂ ತಿರುಗಲಿಲ್ಲ. ಅಮ್ಮ "ಅಯ್ಯೋ, ಅದೇ ನೋವು ಕಣಮ್ಮ" ಅಂತ ಮಂಡಿ ಹಿಡಿದುಕೊಂಡರು. ಸೊಂಟದ ಕೀಲು ಕೆಟ್ಟರೆ ನೋವು ಮಂಡಿಯಲ್ಲಿ ಬರಬಹುದು ಅಂತ ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಅವಳು ಪೆನ್ ತೆಗೆದು ಸೊಂಟದ ಎಕ್ಸ್‌ರೇಗೆ ಚೀಟಿ ಬರೆದಳು. ಮಗ ಸಾಲದ ಅರ್ಜಿ ವಾಪಸ್ ತೆಗೆದುಕೊಳ್ಳಬಹುದಾ ಅಂತ ಕೇಳಿದ.