ವಿಡಿಯೋ ನೋಡಿದ ಮೇಲೇ ನಾನು ರಕ್ತ ಪರೀಕ್ಷೆ ಮಾಡಿಸಿದ್ದು

ಟ್ರಾನ್ಸ್ ಪುರುಷರು (ಹುಟ್ಟಿದಾಗ ಹೆಣ್ಣು ಎನಿಸಿಕೊಂಡು ಗಂಡಾಗಿ ಬದುಕುವವರು) ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ತೆಗೆದುಕೊಳ್ಳುವ ಬಗ್ಗೆ ಮಾಡುವ ವಿಡಿಯೋಗಳು ಹುಡುಗರನ್ನು ಡಾಕ್ಟರಿಂದ ದೂರ ಮಾಡುತ್ತಿವೆ, ಅವನ್ನು ತೆಗೆಸಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನ್ನ ವಿಷಯದಲ್ಲಿ ಆಗಿದ್ದು ಇದರ ಉಲ್ಟಾ. ನಾನು ತುಮಕೂರಿನವನು, ಇಂಜೆಕ್ಷನ್ ಶುರು ಮಾಡಿ 3 ವರ್ಷ ಆಯಿತು. ಮೊದಲು ನೋಡಿದ ಡಾಕ್ಟರು ಚೀಟಿ ಬರೆದುಕೊಟ್ಟರು, ಅಷ್ಟೇ. ಇದರಿಂದ ಕೆಂಪುಕಣ ಹೆಚ್ಚಿ ರಕ್ತ ಮಂದವಾಗಬಹುದು, ಮೊದಲ ವರ್ಷ ಸುಮಾರು 3 ತಿಂಗಳಿಗೊಮ್ಮೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣದ ಪಾಲು ಎಷ್ಟು ಎನ್ನುವ ಪರೀಕ್ಷೆ) ನೋಡಿಸಬೇಕು ಅಂತ ಹೇಳಿದ್ದು ವಿಡಿಯೋದಲ್ಲಿದ್ದ ಒಬ್ಬ ಅಪರಿಚಿತ. ಮುಟ್ಟು ನಿಂತರೂ ಗರ್ಭ ಧರಿಸಬಹುದು ಎಂದು ತಿಳಿಸಿದ್ದೂ ಅವನೇ.

ನಾಲ್ಕನೇ ತಿಂಗಳು ಬಸ್ಸಲ್ಲಿ ‘ಶಿರಾ ಗೇಟ್ ಒಂದು’ ಎನ್ನುವಾಗ ಅರ್ಧದಲ್ಲೇ ದನಿ ಒಡೆದು ಕೀರಲಾಯಿತು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಆವತ್ತು ರಾತ್ರಿ ಹೊದಿಕೆಯೊಳಗೆ ಇಯರ್‌ಫೋನ್ ಹಾಕಿಕೊಂಡು, ಒಬ್ಬ ಹುಡುಗ ಪ್ರತಿ ತಿಂಗಳೂ ಒಂದೇ ವಾಕ್ಯ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿದೆ. ಅವನ ದನಿಯೂ ಹೀಗೇ ಒಡೆದಿತ್ತು. ಎಂಟನೇ ತಿಂಗಳಿಗೆ ನೆಟ್ಟಗಾಗಿತ್ತು. ಆಮೇಲೆ ನಿದ್ದೆ ಬಂತು.

ಒಂದು ಮಾತು ಒಪ್ಪುತ್ತೇನೆ. ಬೇರೆಯವರ ಡೋಸ್ ನೋಡಿ ಅಷ್ಟೇ ಚುಚ್ಚಿಕೊಳ್ಳುವುದು ಅಪಾಯ. ಬೇಗ ಗಡ್ಡ ಬಂದವರ ವಿಡಿಯೋನೇ ಜಾಸ್ತಿ ಕಣ್ಣಿಗೆ ಬೀಳುವುದೂ ನಿಜ, ಪೂರ್ತಿ ಗಡ್ಡಕ್ಕೆ 4–5 ವರ್ಷವೂ ಬೇಕಾಗಬಹುದು. ಒಮ್ಮೆ ಇಳಿದ ದನಿ ಮಾತ್ರ ಔಷಧಿ ಬಿಟ್ಟರೂ ಹಿಂದಕ್ಕೆ ಹೋಗುವುದಿಲ್ಲ. ಇದನ್ನೆಲ್ಲ ನಾನು ಕಲಿತದ್ದು ಇಂಗ್ಲಿಷ್ ವಿಡಿಯೋಗಳಿಂದ, ಅರ್ಥವಾಗದ ಕಡೆ ನಿಲ್ಲಿಸಿ ನಿಲ್ಲಿಸಿ. ಅವನ್ನು ತೆಗೆಸಿ ಎನ್ನುವ ಬದಲು ಕನ್ನಡದಲ್ಲಿ ಇನ್ನಷ್ಟು ಬರಲಿ ಎಂದು ಬರೆಯಬಹುದಿತ್ತು ಅಲ್ವಾ? ಪಾವಗಡದಲ್ಲೋ ಮಧುಗಿರಿಯಲ್ಲೋ ಇರುವ ಹುಡುಗನಿಗೆ ಹತ್ತಿರದಲ್ಲಿ ಕೇಳಲು ಬೇರೆ ಯಾರಿದ್ದಾರೆ?