ತೀರ್ಥರೂಪು ತಂದೆಯವರಿಗೆ, ಅ.ಬ.ಕ. ಊರಿನಿಂದ

ರಾತ್ರಿ ಎಂಟು ಗಂಟೆ. ನಡುಮನೆಯಲ್ಲಿ ಅಪ್ಪ ಟಿವಿ ನೋಡುತ್ತಿದ್ದಾರೆ. ನಾಲ್ಕು ಮಾರು ಆಚೆ ಚಾಪೆ ಮೇಲೆ ಕೂತ ಮಗಳು ಅದೇ ಅಪ್ಪನಿಗೆ ಪತ್ರ ಬರೆಯುತ್ತಿದ್ದಾಳೆ. 'ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ ಪತ್ರ ಬರೆಯುತ್ತಿರಿ. ಈ ಪತ್ರ ಬರೆಯಲು ಮುಖ್ಯ ಕಾರಣವೇನೆಂದರೆ, ನಮ್ಮ ಶಾಲೆಯಿಂದ ಶೈಕ್ಷಣಿಕ ಪ್ರವಾಸ ಹೊರಟಿದ್ದು, 500 ರೂಪಾಯಿ ಕಳುಹಿಸಿಕೊಡಬೇಕಾಗಿ ವಿನಂತಿ.' ಬರೆದಾದ ಮೇಲೆ ಪುಟದ ಕೆಳಗೆ ಸ್ಕೇಲಿಟ್ಟು ಲಕೋಟೆಯ ಚಿತ್ರ ಎಳೆದು, ಬಲಮೂಲೆಯಲ್ಲಿ ಅಂಚೆಚೀಟಿಗೊಂದು ಚೌಕ ಹಾಕಿ, ಪುಸ್ತಕ ಮುಚ್ಚಿ ಕೂಗುತ್ತಾಳೆ: 'ಅಪ್ಪಾ, ನಾಳೆ ಟೂರ್ ದುಡ್ಡು ಕೊಡ್ಬೇಕಂತೆ!' ದುಡ್ಡು ಬರುವುದು ಈ ಕೂಗಿನಿಂದ. ಅಂಕ ಬರುವುದು ಆ ಸಾಷ್ಟಾಂಗದಿಂದ.

ಬರವಣಿಗೆ ಕಲಿಸುವ ನಮ್ಮ ಪದ್ಧತಿಯ ಮೊದಲ ನಿಯಮ ಇದು: ಓದುವವರಿಲ್ಲದ ಕಡೆಗೆ ಬರೆಸಬೇಕು. ಎರಡನೆಯ ನಿಯಮ, ಬರೆಯುವವರೂ ಇರಬಾರದು. ಅದಕ್ಕೇ ಪ್ರಶ್ನೆ ಶುರುವಾಗುವುದು 'ನಿಮ್ಮನ್ನು ಅ.ಬ.ಕ. ಊರಿನ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿ ಎಂದು ಭಾವಿಸಿ' ಎಂದು. ಪರೀಕ್ಷೆಯಲ್ಲಿ ಇದಕ್ಕೊಂದು ಕಾರಣವಿದೆ, ಉತ್ತರಪತ್ರಿಕೆಯಲ್ಲಿ ಮಗುವಿನ ಗುರುತು ಸಿಗಬಾರದು. ಆದರೆ ಜೂನ್‌ನಿಂದ ಮಾರ್ಚ್‌ವರೆಗೆ, ತನ್ನದೇ ನೋಟ್‌ಬುಕ್ಕಿನಲ್ಲಿ, ತನ್ನದೇ ಮೇಷ್ಟರ ಎದುರಿಗೂ ಆ ಮಗು ಅ.ಬ.ಕ. ಊರಿನಲ್ಲೇ ವಾಸವಾಗಿರುತ್ತದೆ. ಹತ್ತು ವರ್ಷ ಓದಿದರೂ ಸ್ವಂತ ಊರಿನ ಪಿನ್‌ಕೋಡ್ ಗೊತ್ತಿರುವುದಿಲ್ಲ.

ಇನ್ನು ಪ್ರಬಂಧ. ಇದರ ತಯಾರಿಕೆ ಬಹಳ ಸುಲಭ, ಅಚ್ಚಿಗೆ ಬೆಲ್ಲ ಹೊಯ್ದ ಹಾಗೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ತಲೆಬರಹ ಬರೆದು ಅಡಿಗೆರೆ ಎಳೆದರೆ ಅರ್ಧ ಕೆಲಸ ಮುಗಿಯಿತು. ಎಡ ಅಂಚಿನಲ್ಲಿ ನೀಲಿ ಗೆರೆ ಹೊಡೆದರೆ ಇನ್ನೂ ಶ್ರೇಷ್ಠ. ಪೀಠಿಕೆಗೆ 'ಇಂದಿನ ಆಧುನಿಕ ಯುಗದಲ್ಲಿ' ಅಂತ ಒಂದು ಸೌಟು. ವಿವರಣೆಗೆ 'ಒಂದು ನಾಣ್ಯಕ್ಕೆ ಎರಡು ಮುಖಗಳಿರುವಂತೆ' ಹದಕ್ಕೆ ತಕ್ಕಷ್ಟು. ಉಪಸಂಹಾರಕ್ಕೆ 'ಆದ್ದರಿಂದ ನಾವೆಲ್ಲರೂ ಸೇರಿ' ಎಂದು ಇಳಿಸಿಬಿಡುವುದು. ಇದೇ ಪಾಕದಲ್ಲಿ ಪರಿಸರ ಮಾಲಿನ್ಯ, ಜನಸಂಖ್ಯಾ ಸ್ಫೋಟ, ಮೊಬೈಲಿನ ದುಷ್ಪರಿಣಾಮ ಯಾವುದನ್ನು ಬೇಕಾದರೂ ಎರೆಯಬಹುದು. ಗ್ರಂಥಾಲಯದ ಮಹತ್ವ ಬಂದರೆ ಮೇಲೆ 'ದೇಶ ಸುತ್ತು, ಕೋಶ ಓದು' ಉದುರಿಸಬೇಕು. ಇದನ್ನು ಬರೆಯುವ ಕೊಠಡಿಯಲ್ಲೇ ಪುಸ್ತಕದ ಬೀರು ಇರುತ್ತದೆ. ಬೀಗ ಹಾಕಿರುತ್ತದೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ಒಂದು ಪುಸ್ತಕ ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕಲ್ಲ ಎಂಬ ಭಯ ಮೇಷ್ಟರಿಗೆ. ಕಳೆಯದಿರುವ ಖಾತರಿ ವಿಧಾನ ಎಂದರೆ ಕೊಡದಿರುವುದು.

ಗಾದೆ ವಿಸ್ತರಣೆ ಇದಕ್ಕಿಂತ ಸಲೀಸು. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬುದು ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈ. ವಿಸ್ತರಿಸಬೇಕಾದ ಗಾದೆ ಯಾವುದೆಂದು ನೋಡುವ ಮೊದಲೇ ಮೂರು ಸಾಲು ತುಂಬಿರುತ್ತದೆ.

ಮಕ್ಕಳಿಗೆ ಬರೆಯಲು ವಿಷಯವೇ ಇಲ್ಲ ಎಂದು ಗೊಣಗುವವರು ಹಸುವಿನ ಪ್ರಬಂಧವನ್ನು ಹತ್ತಿರದಿಂದ ನೋಡಬೇಕು. ಮಂಡ್ಯ ಕಡೆಯ ಆರನೇ ತರಗತಿಯ ಹುಡುಗ ಅಂದುಕೊಳ್ಳಿ. ಬೆಳಗ್ಗೆ ಆರಕ್ಕೆ ಎದ್ದು ಸಗಣಿ ಬಾಚಿ, ಕರು ಬಿಟ್ಟು, ಅದು ಎರಡು ಗುಟುಕು ಕುಡಿಯದೆ ಗೌರಿ ಹಾಲಿಳಿಸುವುದಿಲ್ಲ ಎಂದು ಬಲ್ಲವನು. ಅಪರಿಚಿತರು ಹತ್ತಿರ ನಿಂತರೆ ಒದೆಯುತ್ತದೆ, ಹಿಂಗಾಲಿಗೆ ಹಗ್ಗ ಹಾಕಬೇಕು, ಕೆಚ್ಚಲು ಬಿಸಿಯಾಗಿ ಗಟ್ಟಿಯಾದರೆ ಬಾವು ಬಂದಿದೆ ಎಂದು ಅರ್ಥ, ಹಾಲು ತೆಳ್ಳಗಾದ ದಿನ ಡೇರಿಯಲ್ಲಿ ಫ್ಯಾಟ್ ಬರದೆ ಅಪ್ಪನ ಮುಖ ಗಂಟಾಗುತ್ತದೆ. ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಶಾಲೆಗೆ ಬಂದು ಬರೆಯುತ್ತಾನೆ: 'ಹಸು ಒಂದು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ. ಎರಡು ಕೊಂಬುಗಳಿವೆ. ಹಸು ನಮಗೆ ಹಾಲು ಕೊಡುತ್ತದೆ.' ಕೊಡುತ್ತದೆಯಂತೆ! ಒದೆ ತಿಂದು ಕರೆದವನೇ ಹೀಗೆ ಬರೆಯುತ್ತಾನೆ.

ತಪ್ಪಿ ಒಂದು ದಿನ ಅವನು 'ನಮ್ಮ ಧನ ನಿನ್ನೆ ಮೇವು ತಿನ್ನಲಿಲ್ಲ, ಅವ್ವ ಅತ್ತಳು' ಎಂದು ಬರೆದ ಎನ್ನಿ. ಕೆಂಪು ಪೆನ್ನು 'ಧ'ದ ಹೊಟ್ಟೆ ಸೀಳಿದ ಗೆರೆಯ ಮೇಲೆಯೇ ಬೀಳುತ್ತದೆ. ದನವಾಗಬೇಕಿದ್ದದ್ದು ಧನವಾದರೆ ಅರ್ಥವೇ ಕೆಡುತ್ತದೆ, ತಿದ್ದಬೇಕಾದ್ದೇ. ಆದರೆ ಒಂದೇ ಪುಟದಲ್ಲಿ ಅಲ್ಪಪ್ರಾಣ, ಒತ್ತಕ್ಷರ, ದೀರ್ಘ, ವಿಭಕ್ತಿ, ಅಕಾರ ಹಕಾರ ಎಲ್ಲಕ್ಕೂ ಸುತ್ತು ಹಾಕಿದರೆ ಪುಟ ಕುಂಕುಮಾರ್ಚನೆಯಾದಂತೆ ಕಾಣುತ್ತದೆ. ಮುಂದಿನ ಸಲ ಹುಡುಗ ಬುದ್ಧಿವಂತನಾಗುತ್ತಾನೆ: ತಪ್ಪಾಗುವ ಪದ ಬಿಡುತ್ತಾನೆ, ಉದ್ದ ವಾಕ್ಯ ಬಿಡುತ್ತಾನೆ, ಅವ್ವನನ್ನೂ ಬಿಡುತ್ತಾನೆ. ಉಳಿಯುವುದು ನಾಲ್ಕು ಕಾಲು, ಎರಡು ಕೊಂಬು. ಅಲ್ಲಿ ತಪ್ಪೂ ಇಲ್ಲ, 'ಉತ್ತಮ' ಎಂಬ ಷರಾ ಬೇರೆ.

ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದುವುದು, ಉಳಿದದ್ದನ್ನು ಕಣ್ಣು ಮುಚ್ಚಿ ಬಿಡುವುದು, ಬರೆದದ್ದನ್ನು ಪಕ್ಕದವನಿಗೆ ಗಟ್ಟಿಯಾಗಿ ಓದಿಸಿ ಅವನಿಂದ ಎರಡು ಪ್ರಶ್ನೆ ಕೇಳಿಸುವುದು ('ಯಾಕೆ ತಿನ್ನಲಿಲ್ಲ? ಆಮೇಲೆ ಏನಾಯ್ತು?'), ಆ ಉತ್ತರಗಳನ್ನು ಪ್ರಬಂಧಕ್ಕೇ ಸೇರಿಸಿ ಇನ್ನೊಮ್ಮೆ ಬರೆಸುವುದು: ಇದಕ್ಕೆಲ್ಲ ಒಂದು ಪೀರಿಯಡ್ ಸಾಕು, ಖರ್ಚಿಲ್ಲ. ಖರ್ಚಿಲ್ಲದ್ದಕ್ಕೆ ಬಿಲ್ ಇಲ್ಲ, ಬಿಲ್ ಇಲ್ಲದ್ದು ಯೋಜನೆ ಹೇಗಾದೀತು?

ವಿಚಿತ್ರವೆಂದರೆ ನಮ್ಮಲ್ಲಿ ಆರಂಭ ಚೆನ್ನಾಗಿಯೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಿಗೆ ಆಟದ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಅ ಆ ಇ ಈ ಎಂದು ವರ್ಣಮಾಲೆ ಉರು ಹೊಡೆಸದೆ ರ, ಗ, ಸ, ದ, ಅ ಎಂಬ ಐದಕ್ಷರ ಮೊದಲು ಕೊಡುತ್ತಾರೆ. ಅಷ್ಟರಲ್ಲೇ ಮಗುವಿಗೆ ಸರ, ಅಗಸ, ಅರಸ, ಗರಗಸ ಎಲ್ಲ ಸಿಕ್ಕಿಬಿಡುತ್ತವೆ. ಕಾಗುಣಿತ ಬರುವ ಮೊದಲೇ ಪದ ಕಟ್ಟುವ ರುಚಿ ಹತ್ತುತ್ತದೆ. ಆರು ವರ್ಷದ ಮಗು ಐದಕ್ಷರದಲ್ಲಿ ಅರಸನಿಗೆ ಗರಗಸ ಕೊಡಬಲ್ಲದು. ಅದೇ ಮಗು ಹದಿನೈದಕ್ಕೆ ಇಡೀ ವರ್ಣಮಾಲೆ ಕೈಯಲ್ಲಿ ಹಿಡಿದು ಗೈಡಿನ ಉಪಸಂಹಾರ ಬಾಯಿಪಾಠ ಮಾಡುತ್ತಿರುತ್ತದೆ.

ಬರವಣಿಗೆಯನ್ನು ಆಕರ್ಷಕಗೊಳಿಸಲು ಪ್ರಯತ್ನ ನಡೆದಿಲ್ಲ ಎನ್ನುವಂತಿಲ್ಲ. ಸ್ಪರ್ಧೆಗಳಿವೆ. ಜೂನ್ 5ಕ್ಕೆ ಪರಿಸರ, ಅಕ್ಟೋಬರ್ 2ರಿಂದ ವನ್ಯಜೀವಿ ಸಪ್ತಾಹ, 31ಕ್ಕೆ ಏಕತೆ, ನವೆಂಬರ್ 1ಕ್ಕೆ ಕನ್ನಡ, 26ಕ್ಕೆ ಸಂವಿಧಾನ, ಡಿಸೆಂಬರ್ 24ಕ್ಕೆ ಗ್ರಾಹಕ, ಜನವರಿ 25ಕ್ಕೆ ಮತದಾರ. ಒಂದೇ ಪ್ರಬಂಧ ಇವೆಲ್ಲಕ್ಕೂ ನಡೆಯುತ್ತದೆ, 'ಮರ' ಇದ್ದ ಕಡೆ 'ಮತ' ಎಂದು ತಿದ್ದಿಕೊಂಡರಾಯಿತು. ಈಗ ಚಾಟ್‌ಜಿಪಿಟಿಯಿಂದ ಬರೆಸುತ್ತಾರೆ ಎಂಬ ಕೂಗು ಎದ್ದಿದೆ. ಪತ್ತೆ ಹಚ್ಚುವುದು ಹೇಗೆಂದು ಮೇಷ್ಟರು ಕಂಗಾಲು. ಅದೂ ಪೀಠಿಕೆ, ವಿವರಣೆ, ಉಪಸಂಹಾರ ಹಾಕುತ್ತದೆ. ಮಕ್ಕಳು ಯಂತ್ರ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಯಂತ್ರದ ಹಾಗೆ ಬರೆಯುತ್ತಿದ್ದರು.

ಮೇಷ್ಟರಿಗೆ ತರಬೇತಿಯೂ ಉಂಟು. ಸೃಜನಶೀಲತೆಯನ್ನು ಕಡ್ಡಾಯವಾಗಿ ಬೆಳೆಸತಕ್ಕದ್ದು ಎಂಬ ಧಾಟಿಯ ಸುತ್ತೋಲೆ ಬರುತ್ತದೆ. ಚಪ್ಪಾಳೆ ಆಟ, ಐದು ಗುಂಪು, ಗುಂಪಿಗೊಂದು ಡ್ರಾಯಿಂಗ್ ಶೀಟು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. 'ಬರವಣಿಗೆ' ಎಂದು ನಡುವೆ ಬರೆದು ಸುತ್ತ ಸೂರ್ಯಕಿರಣ ಬಿಡಿಸಿ, ಜಿಪಿಎಸ್ ಫೋಟೋ ತೆಗೆದು ಅಪ್‌ಲೋಡ್ ಮಾಡಿದರೆ ತರಬೇತಿ ಫಲಪ್ರದ. ಬಂದ ಮೇಷ್ಟರು ಯಾರೂ ಸ್ವಂತದ್ದೆಂದು ಹತ್ತು ಸಾಲು ಬರೆದಿರುವುದಿಲ್ಲ. ಈಜು ಕಲಿಸುವವರಿಗೆ ನೀರಿನ ಚಿತ್ರ ತೋರಿಸಿ ಕಳಿಸಿದ ಹಾಗೆ. ಕೊನೆಗೆ ವರದಿ ಕೊಡಬೇಕು. ಅದರಲ್ಲಿ ಪೀಠಿಕೆ ಇರಬೇಕು.

ಹಾಗಾದರೆ ಪತ್ರವನ್ನು ನಿಜವಾಗಿ ಅಂಚೆಗೆ ಹಾಕಿಸಿದರೆ? ಅಂಚೆ ಕಾರ್ಡಿಗೆ 50 ಪೈಸೆ. ಮೂವತ್ತು ಮಕ್ಕಳ ತರಗತಿಗೆ 15 ರೂಪಾಯಿ, ಒಂದು ಡ್ರಾಯಿಂಗ್ ಶೀಟಿನ ಆಸುಪಾಸು. ತೊಡಕುಗಳಿವೆ. ಸಣ್ಣ ಅಂಚೆಕಚೇರಿಯಲ್ಲಿ ಒಮ್ಮೆಲೇ ಮೂವತ್ತು ಕಾರ್ಡು ಇರಲಿಕ್ಕಿಲ್ಲ, ಮುಂಚೆಯೇ ಹೇಳಿಡಬೇಕು. ಕೆಲವರು ಅಭ್ಯಾಸಬಲದಿಂದ ಕಾರ್ಡಿನ ಮೇಲೂ ಅಂಚೆಚೀಟಿಯ ಚೌಕ ಎಳೆಯುತ್ತಾರೆ. ಪಿನ್‌ಕೋಡಿನ ಆರು ಅಂಕಿ ಹುಡುಕಲು ಒಂದು ದಿನ ಹಿಡಿಯುತ್ತದೆ. ದೊಡ್ಡ ತೊಡಕು ಜಾಗದ್ದು: ಕಾರ್ಡಿನ ಉದ್ದ 14 ಸೆಂಟಿಮೀಟರ್, ಅಗಲ 9. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಮೂಲಕ ತಮ್ಮಲ್ಲಿ ಸವಿನಯವಾಗಿ ಕೋರಿಕೊಳ್ಳುವುದೇನೆಂದರೆ' ಎಂದು ಶುರು ಮಾಡಿದವಳು ಕೋರಿಕೆಗೆ ಬರುವಷ್ಟರಲ್ಲಿ ಕಾರ್ಡು ಮುಗಿದಿರುತ್ತದೆ. ಒಂದು ಕಾರ್ಡು ಹಾಳಾದರೆ ಹಾಳಾಗಲಿ ಎಂದು ಎರಡನೆಯದು ಕೊಟ್ಟರೆ, ಪಂಚಾಯಿತಿಯ ಪಿಡಿಓ ಅವರಿಗೆ ಅವಳು ಹೀಗೆ ಬರೆದಾಳು:

'ಸರ್, ನಮ್ಮ ಓಣಿಯ ನೀರಿನ ಟ್ಯಾಂಕಿಗೆ ಮುಚ್ಚಳ ಇಲ್ಲ. ಹೋದ ವಾರ ಪಾರಿವಾಳ ಬಿದ್ದು ಎರಡು ದಿನ ಅಲ್ಲೇ ಇತ್ತು. ಅದೇ ನೀರು ಕುಡಿದೆವು. ಮುಚ್ಚಳ ಹಾಕಿಸಿ.'

ಇದನ್ನು ಓದಿದ ಮೇಲೆ ನೀರುಗಂಟಿ ಏಣಿ ಹುಡುಕಿಕೊಂಡು ಹೊರಟರೂ ಹೊರಟಾನು. ಮಾದರಿ ಉತ್ತರದ ಪ್ರಕಾರ ತಾಳೆ ನೋಡಿದರೆ ಮಾತ್ರ: 'ವಿಷಯ' ಎಂಬ ಸಾಲಿಲ್ಲ, ಒಕ್ಕಣೆ ಇಲ್ಲ, 'ಇಂತಿ ತಮ್ಮ ವಿಧೇಯ' ಇಲ್ಲ, ಲಕೋಟೆಯ ಚಿತ್ರವಂತೂ ಇಲ್ಲವೇ ಇಲ್ಲ. 5ಕ್ಕೆ 2.